ಒಂದೇ ಗೋವೆ, ಎರಡು ಮುಪ್ಪು

ಚಳಿಗಾಲ ಬಂತೆಂದರೆ ಗೋವೆಗೆ ಎರಡು ಬಗೆಯ ಜನ ಬರುತ್ತಾರೆ. ಇಂಗ್ಲೆಂಡಿನ ಕಡೆಯ ನಿವೃತ್ತರು ವಿಮಾನ ಇಳಿಯುತ್ತಾರೆ. ಅವರ ಊರಲ್ಲಿ ಆಗ ಮನೆ ಬೆಚ್ಚಗಿಡುವ ಖರ್ಚೇ ಭಾರ. ಬೆನಾಲಿಮ್‌ನಲ್ಲೋ ಕ್ಯಾಂಡೋಲಿಮ್‌ನಲ್ಲೋ ಕೋಣೆ ಹಿಡಿದರೆ ಅದೇ ಪಿಂಚಣಿಯಲ್ಲಿ ಮೀನೂಟ ಉಂಡು, ಬಿಸಿಲಿಗೆ ಮೈ ಕಾಯಿಸಿಕೊಂಡು ನಾಲ್ಕು ಕಾಸು ಉಳಿಸಬಹುದು. ಅದೇ ದಿನಗಳಲ್ಲಿ ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳ ಲಂಬಾಣಿ ಕುಟುಂಬಗಳು ದೀಪಾವಳಿ ಮುಗಿಸಿಕೊಂಡು ಗೋವೆಗೆ ಹೊರಡುತ್ತವೆ. ಗಂಡಸರಿಗೆ ಕಟ್ಟಡದ ಕೆಲಸ. ಹೆಂಗಸರು ಕಡಲದಂಡೆಯಲ್ಲಿ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಾರೆ. ಕೊಳ್ಳುವವರಲ್ಲಿ ಆ ನಿವೃತ್ತರೂ ಇರುತ್ತಾರೆ.

ದುಡ್ಡು ಬಾಳಿಕೆ ಬರುವ ಕಡೆ ಹೋಗಿ ಬದುಕುವುದು ತಪ್ಪಲ್ಲ. ಜೀವಮಾನವೆಲ್ಲ ದುಡಿದವರು ಬಿಸಿಲಲ್ಲಿ ಕೂತರೆ ನನಗೆ ಸಂತೋಷವೇ. ಆದರೆ ಅದನ್ನು ಜಾಣತನವೆಂದು ಮೆಚ್ಚುವ ನಾವು, ತಾಂಡಾದವರು ಗಂಟುಮೂಟೆ ಕಟ್ಟಿದರೆ ಊರಲ್ಲಿ ನಿಲ್ಲದ ಜನ ಎಂದು ಹಗುರವಾಗಿ ಆಡುತ್ತೇವೆ. ಇದು ನನ್ನನ್ನು ನೋಯಿಸುತ್ತದೆ. ಲಕ್ಷ್ಮೇಶ್ವರ, ಗದಗದ ಕಪ್ಪು ಎರಿ ಹೊಲದವರಿಗೆ ಹಿಂಗಾರಿ ಜೋಳ, ಕಡಲೆ, ಕುಸುಬಿ ಇರುತ್ತವೆ. ತಾಂಡಾದವರದು ಕಪ್ಪತಗುಡ್ಡದ ಸೆರಗಿನ ಕೆಂಪು ಮಸಾರಿ ಹೊಲ; ಅದು ನೀರು ಹಿಡಿಯುವುದಿಲ್ಲ. ಮಳೆ ನಿಂತ ಮೇಲೆ ಅಲ್ಲಿ ಕೈಗೆ ಕೆಲಸವಿಲ್ಲ.

ಗುಡ್ಡದ ಬುಡದ ಒಂದು ತಾಂಡಾಕ್ಕೆ ನಾನು ಹೋದಾಗ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ತೆರೆದಿದ್ದ ಮನೆಗಳಲ್ಲಿ ಮುದುಕರು, ಮಕ್ಕಳು. ಒಬ್ಬ ಅಜ್ಜಿ ಮೊಮ್ಮಗನ ಪಾಟಿಚೀಲದ ಕಿತ್ತ ಹಿಡಿಕೆಯನ್ನು ದಬ್ಬಣದಿಂದ ಹೊಲಿಯುತ್ತಿದ್ದಳು. “ಮೊಣಕಾಲ ಹಿಡಿಯೂ ತನಕ ನಾನೂ ಗೋವಾಕ್ಕ ಹೋಗೀನಿ, ತಮ್ಮಾ. ಈಗ ಇವನ ಸಾಲಿ ನೋಡ್ಕೊಂಡ ಇಲ್ಲೇ ಅದೀನಿ” ಅಂದಳು. ಆಕೆಯ ನಿವೃತ್ತಿಯ ದಿನವನ್ನು ಮೊಣಕಾಲು ಗೊತ್ತುಮಾಡಿತ್ತು. ಮೂರು ಹೊತ್ತು ರೊಟ್ಟಿ ಬಡಿದು, ಹುಡುಗನನ್ನು ಸಾಲಿಗೆ ಕಳಿಸುವ ಆ ದುಡಿತ ಇಲ್ಲದಿದ್ದರೆ ಮಗ, ಸೊಸೆ ಗೋವೆಯಲ್ಲಿ ಒಂದು ವಾರವೂ ನಿಲ್ಲಲಾರರು.

ಮುಪ್ಪಿನ ವಿಶ್ರಾಂತಿ ಹಣೆಬರಹದಿಂದ ಬರುವುದಲ್ಲ. ಬ್ರಿಟನ್ನಿನಲ್ಲೂ ಅದು 1908ರ ಪಿಂಚಣಿ ಕಾನೂನಿನಿಂದ ಶುರುವಾಯಿತು. ಮರುವರ್ಷದಿಂದ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ಸಿಗತೊಡಗಿತು. ದುಡಿಯಲಾಗದವರನ್ನು ನಾಡು ಸಾಕಬೇಕೆಂದು ಅಲ್ಲಿ ಒಪ್ಪಿಕೊಂಡರು. ನಮ್ಮಲ್ಲೂ 2007ರಲ್ಲಿ ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬಂತು, ಒಳ್ಳೆಯದೇ ಆಯಿತು. ಆದರೆ ಅದು ತಿಂಗಳಿಗೆ 1,200 ರೂಪಾಯಿ. ಗೋವೆಯಿಂದ ಬರುವ ದುಡ್ಡು ಒಂದು ತಿಂಗಳು ತಡವಾದರೆ ಅಷ್ಟರಲ್ಲೇ ಜೋಳ, ಎಣ್ಣೆ, ಮೊಣಕಾಲಿನ ಮಾತ್ರೆ, ಹುಡುಗನ ನೋಟುಬುಕ್ಕು ಎಲ್ಲ ಆಗಬೇಕು.