ಪಕ್ಕದ ಪುಟ

ನೆರೆಮನೆಯ ಅಜ್ಜಿ ಮೊದಲ ಸಲ ನನ್ನ ಬಾಗಿಲು ತಟ್ಟಿದ್ದು ಪಾಸ್‌ವರ್ಡ್ ಮರೆತು. ಫ್ರಾಂಕ್‌ಫರ್ಟಿನ ನಮ್ಮ ಕಟ್ಟಡದಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಮೂರನೆಯ ಮಹಡಿಯ ಭಾರತೀಯನನ್ನು ಕರೆಯುವುದು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಎದುರಿಗೆ ನಾನು ಅವರನ್ನು ಮನೆತನದ ಹೆಸರಿಗೆ ‘ಫ್ರೌ’ ಸೇರಿಸಿ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ಅಜ್ಜಿಯೇ. ಹುಟ್ಟಿದ್ದು 1944ರಲ್ಲಿ, ಉತ್ತರ ಹೆಸ್ಸೆನ್ನಿನ ಒಂದು ಹಳ್ಳಿಯಲ್ಲಿ. ಕ್ರಿಸ್‌ಮಸ್ಸಿಗೆಂದು ಮಗಳು ಅವರಿಗೆ ಆರ್ಖಿಯೋನ್‌ನ ಚಂದಾ ಕಟ್ಟಿಕೊಟ್ಟಿದ್ದಳು. ಜರ್ಮನಿಯ ಪ್ರಾಟೆಸ್ಟಂಟ್ ಚರ್ಚುಗಳ ಹಳೆಯ ದಫ್ತರಗಳ ಫೋಟೋ ಹಾಕಿರುವ ಜಾಲತಾಣ ಅದು, 2015ರಲ್ಲಿ ಶುರುವಾದದ್ದು. ಜ್ಞಾನಸ್ನಾನ, ಮದುವೆ, ಮಣ್ಣು, ಎಲ್ಲವನ್ನೂ ಮನೆಯಲ್ಲೇ ಕೂತು ಪುಟ ತಿರುವಿ ನೋಡಬಹುದು. ಕ್ಯಾಥೊಲಿಕರ ದಫ್ತರ ಬೇಕಿದ್ದರೆ ಮಾಟ್ರಿಕುಲಾ ಇದೆ, ಅದು ಪುಕ್ಕಟೆ.

“ನಾವು ಎಲ್ಲಿಂದ ಬಂದವರು ಅಂತ ಒಮ್ಮೆ ನೋಡಿಬಿಡಬೇಕು” ಅಂದರು.

ಆ ಪ್ರಶ್ನೆ ನನಗೆ ಹೊಸದಲ್ಲ. ಇಲ್ಲಿ ಟ್ರಾಮಿನಲ್ಲಿ ಪಕ್ಕ ಕೂತವರು “ಅದಿರಲಿ, ನಿಜವಾಗಿ ಎಲ್ಲಿಯವರು?” ಎನ್ನುತ್ತಾರೆ. ಊರಿನ ಬಸ್ಸಿನಲ್ಲಾದರೆ “ನಿಮ್ಮದು ಯಾವ ಕಡೆ?” ಎಂದು ಶುರುವಾದದ್ದು “ಯಾವ ಪೈಕಿ?” ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಕೇಳುವವನ ಕಣ್ಣಲ್ಲಿ ಏನಿದೆ ಎಂದು ನೋಡಿಕೊಂಡೇ ನಾವು ಉತ್ತರ ಕೊಡುವುದು. ಆದರೆ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಅದಕ್ಕೆ ದುಡ್ಡನ್ನೂ ಕಟ್ಟುವವರನ್ನು ನಾನು ಹತ್ತಿರದಿಂದ ನೋಡಿದ್ದು ಇಲ್ಲೇ. ಹಾಗೆ ನಮ್ಮ ಶನಿವಾರಗಳು ಶುರುವಾದವು.

ಮೊದಲ ಅಡ್ಡಿ ಲಿಪಿಯದು. ಹಳೆಯ ಜರ್ಮನ್ ಕೈಬರಹಕ್ಕೆ ಕುರೆಂಟ್ ಎಂದು ಹೆಸರು. ಅದರಲ್ಲಿ ‘ಇ’ ಎಂದರೆ ಎರಡು ಓರೆ ಗೀಟು, ‘ಎನ್’ ಎಂದರೂ ಎರಡು ಓರೆ ಗೀಟು, ‘ಯು’ ಕೂಡ ಹಾಗೆಯೇ. ಗುರುತು ಸಿಗಲಿ ಎಂದು ‘ಯು’ವಿನ ತಲೆಯ ಮೇಲೊಂದು ಕೊಕ್ಕೆ ಹಾಕುತ್ತಿದ್ದರು. ಅವಸರದ ಪಾದ್ರಿ ಕೊಕ್ಕೆ ಮರೆತನೋ, ಸಾಲಿಗೆ ಸಾಲೇ ಮುಳ್ಳುಬೇಲಿ. 1941ರಲ್ಲಿ ನಾತ್ಸಿ ಸರ್ಕಾರವೇ ಈ ಬರಹವನ್ನು ಶಾಲೆಗಳಿಂದ ತೆಗೆಸಿತು. ಹಾಗಾಗಿ ಅಜ್ಜಿಗೆ ಸ್ವಂತ ಅಪ್ಪನ ಕೈಬರಹ ಓದಲು ಬಾರದು. ಇನ್ಸ್‌ಬ್ರುಕ್‌ನಲ್ಲಿ ಹುಟ್ಟಿದ ಟ್ರಾನ್ಸ್‌ಕ್ರೀಬುಸ್ ಎಂಬ ತಂತ್ರಾಂಶ ಇಂಥ ಬರಹವನ್ನು ತಾನೇ ಓದುತ್ತದೆ. ಬಹುಪಾಲು ಸರಿಯಾಗಿಯೇ ಓದುತ್ತದೆ, ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಅದನ್ನು ನಂಬಿ ಎರಡು ಸಲ ಮೋಸಹೋದ ಮೇಲೆ ನಾನೇ ಅಕ್ಷರಮಾಲೆ ಮುದ್ರಿಸಿಕೊಂಡು, ಒಂದನೆಯ ಕ್ಲಾಸಿನ ಹುಡುಗನ ಹಾಗೆ ತಿದ್ದಿ ಕಲಿತೆ. ಜರ್ಮನ್ ಹೆಂಗಸಿಗೆ ಅವರಪ್ಪ ಬರೆದದ್ದನ್ನು ಕನ್ನಡದವನೊಬ್ಬ ಓದಿ ಹೇಳುವುದು ನನಗೇ ವಿಚಿತ್ರವೆನಿಸುತ್ತಿತ್ತು. ಅಜ್ಜಿಗೆ ಹಾಗೇನೂ ಅನ್ನಿಸಿದಂತೆ ಕಾಣಲಿಲ್ಲ. ಅವರು ಕಾಫಿ ಮಾಡಿ ತಂದಿಟ್ಟು, ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದರು.

ಅವರ ತವರಿನ ಹೆಸರು ಮಾಯರ್ ಎಂದಿಟ್ಟುಕೊಳ್ಳಿ. ಜರ್ಮನಿಯಲ್ಲಿ ಈ ಹೆಸರನ್ನು ‘ಎ’ ಹಾಕಿ ಒಬ್ಬರು, ‘ಇ’ ಹಾಕಿ ಒಬ್ಬರು, ನಡುವೆ ‘ಐ’ ಇಟ್ಟು ಒಬ್ಬರು, ‘ವೈ’ ಇಟ್ಟು ಇನ್ನೊಬ್ಬರು ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ಎಲ್ಲರೂ ಒಂದೇ, ನಮ್ಮ ಲಿಪಿ ಕಿವಿಯ ಮಾತು ಕೇಳುವಂಥದು. ಕಂಪ್ಯೂಟರಿಗೂ ಅಂಥ ಕಿವಿಯೊಂದನ್ನು ಕೊಡುವ ಉಪಾಯವನ್ನು ಹಾನ್ಸ್ ಯೋಆಖಿಮ್ ಪೋಸ್ಟೆಲ್ 1969ರಲ್ಲಿ ಪ್ರಕಟಿಸಿದ. ಕಲೋನ್ ಧ್ವನಿಪದ್ಧತಿ ಎಂದು ಅದಕ್ಕೆ ಹೆಸರು. ಅಕ್ಷರಕ್ಕೆ ಅದರ ಸದ್ದಿಗೆ ತಕ್ಕ ಅಂಕಿ. ಸ್ವರಗಳಿಗೆ ಸೊನ್ನೆ, ಹೆಸರಿನೊಳಗಿನ ಸೊನ್ನೆಗಳನ್ನು ಕೊನೆಗೆ ಅಳಿಸಿಬಿಡುವುದು. ‘ಎಂ’ಗೆ 6, ‘ಆರ್’ಗೆ 7. ಹೇಗೆ ಬರೆದರೂ ಮಾಯರ್ ಎಂದರೆ 67. ಗೋಡೆ ಎಂಬ ಅರ್ಥದ ‘ಮೌವರ್’ ಕೂಡ ಅದೇ 67ಕ್ಕೆ ಬಂದು ಬೀಳುತ್ತದೆ, ಅದು ಬೇರೆ ತಮಾಷೆ.

ಈ ಹೆಸರಿಗೆ ಎರಡು ಬೇರು. ಒಂದು, ಧಣಿಯ ಹೊಲಮನೆ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರನದು. ಇನ್ನೊಂದು ಹೀಬ್ರೂವಿನ ಮೇಯಿರ್, ಬೆಳಕು ಕೊಡುವವನು. ಚರ್ಚಿಗೆ ಹೋಗುವ ಮಾಯರರೂ ಸಿನಗಾಗಿಗೆ ಹೋಗುವ ಮಾಯರರೂ ಒಂದೇ ಊರಲ್ಲಿ ಇರುವುದು ಹಿಂದೆ ಹೆಸ್ಸೆನ್ನಿನ ಹಳ್ಳಿಗಳಲ್ಲಿ ಅಪರೂಪವೇನಾಗಿರಲಿಲ್ಲ. ಅಲ್ಲಿ ದನದ ವ್ಯಾಪಾರ ಮಾಡಿಕೊಂಡು ತಲೆಮಾರುಗಳಿಂದ ನೆಲೆಸಿದ್ದ ಯಹೂದಿ ಮನೆತನಗಳು ಬಹಳ. ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ, ಎಲ್ಲರನ್ನೂ ಒಂದೇ ಪೆಟ್ಟಿಗೆಗೆ ಹಾಕುತ್ತದೆ. ಈ ಯಂತ್ರಕ್ಕಿರುವಷ್ಟು ದಡ್ಡತನ ಒಂದು ಕಾಲಕ್ಕೆ ಆ ದೇಶಕ್ಕೂ ಇದ್ದಿದ್ದರೆ ಎಂದು ಆಮೇಲೆ ನನಗೆ ಅನ್ನಿಸಿದ್ದುಂಟು.

ಮೂರನೆಯ ಶನಿವಾರ ಅಜ್ಜಿ ಡ್ರಾಯರಿನಿಂದ ಒಂದು ತೆಳು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಹೊದಿಕೆಯ ಮೇಲೆ ‘ಆನೆನ್‌ಪಾಸ್’ ಎಂದಿತ್ತು: ಪೂರ್ವಜರ ಪಾಸು. ಒಳಗೆ ಅವರಪ್ಪ, ಅಪ್ಪನ ಅಪ್ಪ ಅಮ್ಮ, ಅವರ ಅಪ್ಪ ಅಮ್ಮಂದಿರು. ಒಬ್ಬೊಬ್ಬರಿಗೂ ಒಂದು ಚೌಕ, ಚೌಕಕ್ಕೊಂದು ಮೊಹರು, ಪಾದ್ರಿಯದೋ ರಿಜಿಸ್ಟ್ರಾರನದೋ. ಹೆಂಗಸರ ಹೆಸರಿನ ಮುಂದೆ ತವರಿನ ಹೆಸರೂ ತಪ್ಪದೆ ಇತ್ತು. ತಾರೀಕು 1936.

“ನಾವು ಹುಡುಕುತ್ತಿರುವುದೆಲ್ಲ ಇದರಲ್ಲೇ ಇದೆಯಲ್ಲ!” ಎಂದು ನಾನು ಹಿಂದೆಮುಂದೆ ನೋಡದೆ ಅಂದೆ.

ಅಜ್ಜಿ ಮಾತಾಡಲಿಲ್ಲ. ಆಗಲೇ ನನಗೆ ಹೊಳೆದದ್ದು.

ಅವರಪ್ಪ ಶಾಲೆಯ ಮೇಷ್ಟ್ರು. 1933ರ ಏಪ್ರಿಲ್ 7ರ ಕಾನೂನು ಸರ್ಕಾರಿ ನೌಕರರಲ್ಲಿ ‘ಆರ್ಯರಲ್ಲದವರನ್ನು’ ಹೊರಗೆ ಹಾಕಿತು. 1935ರ ನ್ಯೂರೆಂಬರ್ಗ್ ಕಾನೂನುಗಳು ಬಂದ ಮೇಲೆ ಅಜ್ಜ ಅಜ್ಜಿಯರ ಲೆಕ್ಕ ಎಲ್ಲರ ತಲೆಯ ಮೇಲೂ ಬಂತು. ಎಸ್‌ಎಸ್ ಪಡೆ ಸೇರುವವರು 1800ರವರೆಗಿನ ವಂಶಾವಳಿ ಒಪ್ಪಿಸಬೇಕಿತ್ತು. ಆ ದಿನಗಳಲ್ಲಿ ಹಳ್ಳಿಯ ಪಾದ್ರಿಗಳು ಬೈಬಲ್ಲಿಗಿಂತ ಹೆಚ್ಚಾಗಿ ತಮ್ಮ ದಫ್ತರಗಳನ್ನೇ ತೆರೆದು ಕೂತಿರಬೇಕು. ಮಾಯರ್ ಎಂಬ ಹೆಸರಿನ ಮೇಷ್ಟ್ರಿಗೆ ಆ ಮೊಹರುಗಳು ಎಷ್ಟು ಜರೂರಾಗಿದ್ದವು ಎಂದು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾನೂನಿನ ಒಂದು ಕಲಮು. ಮಾತೆಲ್ಲ ರಕ್ತದ್ದು, ಜನಾಂಗದ್ದು. ಆದರೆ ಯಾರ ರಕ್ತ ಯಾವುದು ಎಂದು ತಿಳಿಯಲು ಅವರ ಬಳಿ ಯಾವ ಪರೀಕ್ಷೆಯೂ ಇರಲಿಲ್ಲ. 1935ರ ನವೆಂಬರ್ 14ರ ನಿಯಮದಲ್ಲಿ ಕಡೆಗೆ ಬರೆದುಕೊಂಡದ್ದು ಇಷ್ಟೇ: ಅಜ್ಜನೋ ಅಜ್ಜಿಯೋ ಯಹೂದಿ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರೆ ಅವರನ್ನು ಯಹೂದಿ ಎಂದು ಎಣಿಸತಕ್ಕದ್ದು. ಅಂಥವರು ಮೂವರಿದ್ದರೆ ಮೊಮ್ಮಗನೂ ಯಹೂದಿ. ಅಂದರೆ ರಕ್ತಕ್ಕೆ ಸಾಕ್ಷಿ ಶಾಯಿ. ಯಾವುದೋ ಗುಮಾಸ್ತ ಎಂದೋ ಧರ್ಮದ ಜಾಗದಲ್ಲಿ ತುಂಬಿದ ಒಂದು ಪದ.

ಆ ಪದ ಬರೆದವನ ಮನಸ್ಸಿನಲ್ಲಿ ಅದ್ಯಾವುದೂ ಇರಲಿಲ್ಲ, ಕಷ್ಟ ಇರುವುದು ಅಲ್ಲೇ. ಮೂವತ್ತು ವರ್ಷಗಳ ಯುದ್ಧದಲ್ಲಿ ಸುಟ್ಟದ್ದು ಸುಟ್ಟು, 1648ರ ಆಚೆಗೆ ಮತ್ತೆ ಹೊಸ ದಫ್ತರ ತೆರೆದ ಪಾದ್ರಿಗೆ ಬೇಕಾಗಿದ್ದದ್ದು ಕೂಸಿನ ಆತ್ಮದ ಲೆಕ್ಕ. ಅದೇ ಪುಟವನ್ನು 1936ರಲ್ಲಿ ಇನ್ನೊಬ್ಬ ಬಂದು ಕೇಳಿದ, ಪುಟ ಕೊಟ್ಟಿತು. ಮಾರ್ಮನ್ ಪಂಥದವರು 1938ರಿಂದ ಲೋಕದ ದಫ್ತರಗಳನ್ನೆಲ್ಲ ಮೈಕ್ರೋಫಿಲ್ಮಿಗೆ ಇಳಿಸುತ್ತ ಬಂದರು. ಆ ಸುರುಳಿಗಳು ಇಂದಿಗೂ ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಮಾಡಿದ ಭಂಡಾರದಲ್ಲಿವೆ; ಫ್ಯಾಮಿಲಿಸರ್ಚ್ ಎಂಬ ಹೆಸರಿನಲ್ಲಿ ನಾವು ಬಿಟ್ಟಿಯಾಗಿ ನೋಡುವುದು ಅವರ ಆ ಕೆಲಸದ ಫಲವನ್ನೇ. ಸತ್ತ ಹಿರಿಯರಿಗೂ ಜ್ಞಾನಸ್ನಾನ ಕೊಡಿಸಿ ಉದ್ಧರಿಸುವುದು ಅವರ ನಂಬಿಕೆ. ಹಾಗೆ ಹೋಲೊಕಾಸ್ಟಿನಲ್ಲಿ ಸತ್ತ ಯಹೂದಿಗಳಿಗೂ ಜ್ಞಾನಸ್ನಾನ ಮಾಡಿಸಿ, ಗಲಾಟೆಯಾಗಿ, ಇನ್ನು ಮಾಡುವುದಿಲ್ಲ ಎಂದು 1995ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಈಗ ಅದೇ ಪುಟಗಳನ್ನು ಹುಡುಕಿಕೊಂಡು ಬರುವವರಲ್ಲಿ, ನಾತ್ಸಿಗಳು ಪೌರತ್ವ ಕಿತ್ತುಕೊಂಡು ಅಟ್ಟಿದವರ ಮೊಮ್ಮಕ್ಕಳೂ ಇದ್ದಾರೆ. ಜರ್ಮನಿಯ ಸಂವಿಧಾನದ 116ನೆಯ ವಿಧಿಯಂತೆ ಆ ಪೌರತ್ವವನ್ನು ಅವರು ವಾಪಸು ಕೇಳಬಹುದು. ಕೇಳಲು ಮತ್ತೆ ಅಜ್ಜನ ಜನನಪತ್ರವೇ ಬೇಕು. ಹೊರಗೆ ಹಾಕಿದ ಕಾಗದವೇ ಒಳಗೆ ಬರಲೂ ಬೇಕು.

ನಮ್ಮ ಕಡೆ ಹೆಳವರು ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಮನೆತನದ ತಲೆಮಾರುಗಳನ್ನು ಹಾಡಿನ ಹಾಗೆ ಒಪ್ಪಿಸಿ, ಹೊಸದಾಗಿ ಹುಟ್ಟಿದ ಮಕ್ಕಳನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಅವರಿಗೆ ಕೇಳುಗರ ಮುಖ ಕಾಣುತ್ತದೆ, ಯಾರೆದುರು ಯಾವುದನ್ನು ನುಂಗಿಕೊಳ್ಳಬೇಕೆಂಬುದೂ ಗೊತ್ತಿರುತ್ತದೆ. ದಫ್ತರಕ್ಕೆ ಆ ಕಣ್ಣಿಲ್ಲ. ಹುಡುಕುವ ಖಾಲಿ ಚೌಕಕ್ಕಂತೂ ಇಲ್ಲವೇ ಇಲ್ಲ. ಹಾಗೆಂದು ಹೆಳವರದೇ ಮೇಲು ಎಂದು ಹೇಳಿಬಿಡುವುದೂ ಕಷ್ಟ. ನುಂಗಿಕೊಂಡದ್ದು ನುಂಗಿಹೋದ ಹಾಗೆಯೇ ಅಲ್ಲವೇ?

ಇಷ್ಟಾದರೂ ಅಜ್ಜಿ ಹುಡುಕಾಟ ಬಿಡಲಿಲ್ಲ. ಪಾಸಿನಲ್ಲಿ ಇರುವುದನ್ನೇ ಮೂಲದಲ್ಲೂ ನೋಡಬೇಕು ಅಂದರು. ಮೊಹರಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತೋ, ಅಥವಾ ಮೊಹರಿಲ್ಲದ ಅಪ್ಪನನ್ನು ನೋಡಬೇಕಿತ್ತೋ, ನಾನು ಕೇಳಲಿಲ್ಲ.

ಪ್ರಷ್ಯದಲ್ಲಿ ಹುಟ್ಟು ಸಾವುಗಳನ್ನು ಚರ್ಚಿನ ಕೈಯಿಂದ ತೆಗೆದು ಸರ್ಕಾರವೇ ಬರೆದುಕೊಳ್ಳಲು ಶುರುಮಾಡಿದ್ದು 1874ರ ಅಕ್ಟೋಬರ್ 1ರಿಂದ. ಉತ್ತರ ಹೆಸ್ಸೆನ್ ಆಗ ಪ್ರಷ್ಯಕ್ಕೆ ಸೇರಿತ್ತು. ಜನನದ ದಫ್ತರ 110 ವರ್ಷ ಮುಚ್ಚಿರಬೇಕು, ಮದುವೆಯದು 80, ಸಾವಿನದು 30 ಎಂದು ಈಗಿನ ಕಾನೂನು. ಅವಧಿ ಮುಗಿದ ಹೆಸ್ಸೆನ್ನಿನ ದಫ್ತರಗಳ ಚಿತ್ರಗಳನ್ನು ಅಲ್ಲಿನ ಸರ್ಕಾರವೇ ಪುಕ್ಕಟೆ ನೋಡಲು ಇಟ್ಟಿದೆ. ಅಜ್ಜಿಯ ಅಪ್ಪ ಹುಟ್ಟಿದ್ದು 1909ರಲ್ಲಿ. ಸಿಕ್ಕರು. ಅಚ್ಚಾದ ನಮೂನೆ, ನಡುನಡುವೆ ಕೈಬರಹ: ದಿನ, ಗಂಟೆ, ತಂದೆಯ ಕಸುಬು, ತಾಯಿಯ ತವರು, ಇಬ್ಬರ ಧರ್ಮ. ಹುಟ್ಟಿದ್ದು ಬೆಳಗಿನ ಜಾವ ನಾಲ್ಕಕ್ಕೆ. “ನಾಲ್ಕಕ್ಕಾ?” ಎಂದು ಅಜ್ಜಿ ನಕ್ಕರು. “ಸಾಯುವವರೆಗೂ ಆ ಹೊತ್ತಿಗೇ ಏಳುತ್ತಿದ್ದರು.”

ಚಿತ್ರ ಉಳಿಸಿಕೊಳ್ಳಲು ಹೋಗಿ ನನ್ನ ಬೆರಳು ಬಾಣದ ಗುರುತಿನ ಮೇಲೆ ಬಿತ್ತು. ಪುಟ ಮಗುಚಿತು. ಪಕ್ಕದ ಪುಟದಲ್ಲೂ ಮಾಯರ್. ಅದೇ ಪುಟವೆಂದುಕೊಂಡೆ, ಅಲ್ಲ, ಇದು ‘ವೈ’ ಇರುವ ಮಾಯರ್. ಎರಡು ದಿನದ ನಂತರ ಅದೇ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗು. ತಂದೆ ದನದ ವ್ಯಾಪಾರಿ, ಧರ್ಮದ ಜಾಗದಲ್ಲಿ ‘ಇಸ್ರಾಯೇಲಿ’. ಅಂಚಿನ ಬಿಳಿ ಜಾಗದಲ್ಲಿ ಬೇರೆ ಶಾಯಿಯಲ್ಲಿ 1939ರ ಒಂದು ಟಿಪ್ಪಣಿ: ಈಕೆ ‘ಸಾರಾ’ ಎಂಬ ಹೆಸರನ್ನು ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದಾಳೆ. ಇಟ್ಟುಕೊಂಡಳಂತೆ. 1938ರ ಆಗಸ್ಟಿನ ಆಜ್ಞೆ ಅದು, ಗಂಡಸರಿಗೆ ‘ಇಸ್ರಾಯೇಲ್’, ಹೆಂಗಸರಿಗೆ ‘ಸಾರಾ’, ಜನವರಿ 1ರಿಂದ ಜಾರಿ. ಅದರ ಕೆಳಗೆ ಯುದ್ಧ ಮುಗಿದ ಮೇಲಿನ ತಾರೀಕು ಹಾಕಿ ಮೂರನೆಯ ಒಂದು ಕೈ ಬರೆದಿತ್ತು: ಮೇಲಿನ ಟಿಪ್ಪಣಿ ರದ್ದಾಗಿದೆ.

ಓದಿ ಹೇಳಿದೆ. ಅಜ್ಜಿ ಆ ಹೆಸರನ್ನು ತಾವೇ ಎರಡು ಸಲ ಉಚ್ಚರಿಸಿ ನೋಡಿದರು. “ಅಪ್ಪ ಈ ಹೆಸರನ್ನು ಒಂದು ದಿನವೂ ಎತ್ತಲಿಲ್ಲ” ಅಂದರು.

ಅವರ ಹಳ್ಳಿಯಿಂದ ಕಾರಿನಲ್ಲಿ ಗಂಟೆಯ ದಾರಿ ಬಾದ್ ಆರೋಲ್ಸೆನ್. ನಾತ್ಸಿಗಳ ಕೈಗೆ ಸಿಕ್ಕವರ ಬಗ್ಗೆ ಲೋಕದಲ್ಲೇ ಅತಿ ದೊಡ್ಡ ಕಾಗದದ ರಾಶಿ ಇರುವುದು ಅಲ್ಲಿ: ಸುಮಾರು 3 ಕೋಟಿ ಕಾಗದಗಳು, 1.75 ಕೋಟಿ ಜನ. ಅದರ ದೊಡ್ಡ ಪಾಲನ್ನು 2019ರಿಂದೀಚೆಗೆ ಮನೆಯಿಂದಲೇ ನೋಡಬಹುದು. ರಾಷ್ಟ್ರೀಯ ಪತ್ರಾಗಾರದ ಸ್ಮರಣಗ್ರಂಥವೂ ಜಾಲದಲ್ಲಿದೆ. ಹೆಸರು, ಹುಟ್ಟಿದ ದಿನ, ಊರು ಕೊಟ್ಟರೆ ಸಾಕು. ಆ ಸಂಜೆ ಅಜ್ಜಿ ಮೊದಲ ಸಲ ತಾವೇ ಕೀಲಿಮಣೆ ಎಳೆದುಕೊಂಡು, ಒಂದೇ ಬೆರಳಲ್ಲಿ, ತಮ್ಮವರಲ್ಲದ ಒಬ್ಬರ ಹೆಸರನ್ನು ಒತ್ತಿದರು. ಕಾಸೆಲ್‌ನಿಂದ ರೀಗಾಕ್ಕೆ, 1941ರ ಡಿಸೆಂಬರ್ 9. ಆ ರೈಲಿನಲ್ಲಿ ಸುಮಾರು ಸಾವಿರ ಜನ. ಆಕೆಗೆ ಮೂವತ್ತೆರಡು. ಮುಂದಿನದು ಏನೂ ಇರಲಿಲ್ಲ. ಆಮೇಲೆ ಯಾರೋ ಗುಮಾಸ್ತ ಅಂಚಿನಲ್ಲಿ ಆಕೆಯ ಹೆಸರನ್ನು ಆಕೆಗೆ ಹಿಂದಿರುಗಿಸಿದ್ದ.

ನಾವು ಕಟ್ಟುತ್ತಿದ್ದ ವಂಶವೃಕ್ಷದ ತಂತ್ರಾಂಶದಲ್ಲಿ ಹೊಸಬರನ್ನು ಸೇರಿಸಬೇಕೆಂದರೆ ಸಂಬಂಧ ಯಾವುದು ಎಂದು ಕೇಳುತ್ತದೆ. ತಂದೆ, ತಾಯಿ, ಮಗು, ಸಂಗಾತಿ. ನಾನು ಆ ಪಟ್ಟಿಯನ್ನು ಕೆಳಗಿನವರೆಗೂ ಸರಿಸಿ ಸುಮ್ಮನಾದೆ. ಅಜ್ಜಿ ಅದನ್ನು ನೋಡುತ್ತಿರಲಿಲ್ಲ. ಎರಡೂ ಪುಟಗಳನ್ನು ಅಕ್ಕಪಕ್ಕ ಇಡು ಅಂದರು, ಇಟ್ಟೆ. ತುಂಬ ಹೊತ್ತು ನೋಡಿ, ಎರಡರ ಕೆಳಗೂ ಇದ್ದ ಸಹಿಯ ಮೇಲೆ ಬೆರಳಿಟ್ಟು ಇದು ಯಾರದು ಎಂದು ಕೇಳಿದರು. ದೊಡ್ಡದು ಮಾಡಿ ನೋಡಿದೆ. ಎರಡೂ ಕಡೆ ಅದೇ ನಡುಗುವ ಕೈ, ಅದೇ ಹೆಸರು. ಹುಟ್ಟಿದ್ದನ್ನು ಕಚೇರಿಗೆ ಬಂದು ತಿಳಿಸಿದವಳು, ಊರಿನ ಸೂಲಗಿತ್ತಿ.

ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. “ಮುಂದಿನ ಶನಿವಾರ ಇವಳನ್ನು ಹುಡುಕೋಣ” ಅಂದರು.