ಬೈಲಕುಪ್ಪೆಯ ಹುಡುಗರು ಜಗಳಕ್ಕೆ ಬರಲಿ

‘ಯಾವೂರಪ್ಪ?’

‘ಬೈಲಕುಪ್ಪೆ, ಅಂಕಲ್.’

‘ಅದು ಸರಿ, ಮೂಲ ಯಾವುದು?’

ಬೆಂಗಳೂರಿನ ಸಿದ್ದಾಪುರದ ಗಲ್ಲಿಗಳಲ್ಲಿ ಟು-ಲೆಟ್ ಬೋರ್ಡು ನೋಡಿಕೊಂಡು ಮನೆ ಕೇಳಲು ಹೋಗುವ ಟಿಬೆಟಿಯನ್ ಹುಡುಗನಿಗೆ ಈ ಎರಡನೇ ಪ್ರಶ್ನೆ ತಪ್ಪಿದ್ದಲ್ಲ. ಇತ್ತ ಲಾಲ್‌ಬಾಗ್, ಅತ್ತ ಜಯನಗರ ಒಂದನೇ ಬ್ಲಾಕು, ನಡುವೆ ಗೋಡೆಗೆ ಗೋಡೆ ತಾಗಿದ ಮನೆಗಳು. ಕುಶಾಲನಗರದ ಬಸ್ಸು ಹತ್ತಿ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದು ಬಂದವನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಅವನಪ್ಪ ಹುಟ್ಟಿದ್ದೂ ಅಲ್ಲೇ ಇರಬಹುದು. ಮೂಲ ಎಂದು ಮಾಲೀಕರು ಕೇಳುವ ಆ ನಾಡನ್ನು ಅವನು ಕಂಡಿರುವುದು ಅಜ್ಜಿಯ ಮಾತಿನಲ್ಲಿ, ಗೋಡೆಗೆ ತೂಗುಹಾಕಿದ ಪೊಟಾಲ ಅರಮನೆಯ ಪಟದಲ್ಲಿ. ಅಷ್ಟೇ.

ಇಂಥ ನಾಲ್ಕು ಹುಡುಗರು ಸೇರಿ ಒಂದು ಹಿಪ್‌ಹಾಪ್ ತಂಡ ಕಟ್ಟಿದರೆ ಏನು ಹಾಡಿಯಾರು ಎಂಬುದು ನನ್ನ ಕುತೂಹಲ. ಇದರಲ್ಲಿ ವಿಚಿತ್ರವೇನಿಲ್ಲ. ಹಿಪ್‌ಹಾಪ್ ಹುಟ್ಟಿದ್ದೇ ವಲಸೆ ಬಂದ ಹುಡುಗನೊಬ್ಬನ ಕೈಯಲ್ಲಿ. ಜಮೈಕಾದ ಕಿಂಗ್‌ಸ್ಟನ್‌ನಿಂದ 1967ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದ ಕ್ಲೈವ್ ಕ್ಯಾಂಬೆಲ್ ಮುಂದೆ ಡಿಜೆ ಕೂಲ್ ಹರ್ಕ್ ಎನಿಸಿಕೊಂಡ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಕಾಸು ಬೇಕು ಎಂದು ತಂಗಿ ಸಿಂಡಿ ಏರ್ಪಡಿಸಿದ ಪಾರ್ಟಿಯಲ್ಲಿ, 1973ರ ಆಗಸ್ಟ್ 11ರಂದು, ಅವನು ತಟ್ಟೆ ತಿರುಗಿಸಿದ. ಇತಿಹಾಸ ಬರೆಯುವವರು ಅಲ್ಲಿಂದಲೇ ಲೆಕ್ಕ ಹಿಡಿಯುತ್ತಾರೆ. ಟಿಬೆಟಿಯನ್ನರಲ್ಲೂ ರ್‍ಯಾಪ್ ಬಂದು ಕಾಲವಾಯಿತು. ಸ್ವಿಟ್ಜರ್ಲೆಂಡಿನ ಕರ್ಮಾ ಎಮ್ಚಿ 2011ರಲ್ಲಿ ಟಿಬೆಟಿಯನ್ ಭಾಷೆಯಲ್ಲೇ ರ್‍ಯಾಪ್ ಮಾಡಿ, ಮಾಂಸ ತುಂಬಿ ಕರಿಯುವ ರೊಟ್ಟಿ ಶಾಪಾಲೆಯ ಹೆಸರನ್ನೇ ತನಗೂ ಹಾಡಿಗೂ ಇಟ್ಟುಕೊಂಡ. ದೇಶ ದೇಶಗಳಲ್ಲಿ ಚದುರಿದ್ದ ಟಿಬೆಟಿಯನ್ ಹುಡುಗರ ಫೋನುಗಳಲ್ಲಿ ಅದು ಓಡಿತು.

ನನಗೆ ಬೇಕಾಗಿರುವುದು ಮಾತ್ರ ಬೈಲಕುಪ್ಪೆಯ ಹುಡುಗನ ರ್‍ಯಾಪ್, ಅದೂ ಕನ್ನಡದಲ್ಲಿ. ಯಾಕೆಂದರೆ ಅವನ ಸಮುದಾಯದ ಬಾಯಿಂದ ನಾವು ಕನ್ನಡಿಗರು ಇದುವರೆಗೆ ಕೇಳಿಸಿಕೊಂಡದ್ದು ಹೆಚ್ಚುಕಡಿಮೆ ಒಂದೇ ಮಾತು: ಧನ್ಯವಾದ. 1960ರ ಹೊತ್ತಿಗೆ ಕಾಡು ಕಡಿದು, ಆನೆಗಳ ಕಾಟದ ನಡುವೆ ಮುಸುಕಿನ ಜೋಳ ಬೆಳೆದು ಶುರುವಾದ ಬದುಕು ಅದು. ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಸೇರಿ ಇಂದು ರಾಜ್ಯದಲ್ಲಿ ಐದು ವಸಾಹತುಗಳಿವೆ. ಜಮೀನು ಕೊಟ್ಟ ಉಪಕಾರಕ್ಕೆ ದಲೈ ಲಾಮಾ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ ಹೆಸರನ್ನು ಇಂದಿಗೂ ಬಿಡದೆ ನೆನೆಯುತ್ತಾರೆ. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ‘ಥ್ಯಾಂಕ್ ಯೂ ಕರ್ನಾಟಕ’ ಎಂದು ಕಾರ್ಯಕ್ರಮವನ್ನೇ ಮಾಡಿದರು. ದೊಡ್ಡವರ ಮಾತು ದೊಡ್ಡದಾಗಿಯೇ ಇತ್ತು. ಆದರೆ ಮೂರನೇ ತಲೆಮಾರಿನವನೂ ಅದನ್ನೇ ಹೇಳುತ್ತ ಕೂರಬೇಕೇ? ಮನೆಗೆ ಬಂದ ನೆಂಟರು ಹಾಗೆ ಹೇಳುತ್ತಾರೆ. ಉಪ್ಪು ಕಡಿಮೆಯಾಯಿತು ಎಂದು ಕೂಗಾಡುವವನು ಮನೆ ಮಗ.

ಕೂಗಾಡಲು ಅವನಿಗೆ ವಿಷಯಕ್ಕೆ ಬರವಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟಿಯನ್ನರೂ ಇದಕ್ಕೆ ಹೊರತಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆಮೇಲೆ ಹುಟ್ಟಿದವರ ಹಕ್ಕು ತಂದೆತಾಯಿಯ ಪೌರತ್ವದ ಮೇಲೆ ನಿಂತಿದೆ. ಕಾನೂನು ಏನೇ ಹೇಳಲಿ, ಬಹಳ ಮಂದಿಯ ಕೈಯಲ್ಲಿ ಈಗಲೂ ಇರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಅವರು ‘ಆರ್‌ಸಿ’ ಎನ್ನುವುದು. ಅವಧಿ ಮುಗಿದಂತೆ ನವೀಕರಿಸಿಕೊಳ್ಳುತ್ತಿರಬೇಕು. ಹುಟ್ಟಿದ ಜಿಲ್ಲೆಯಲ್ಲೇ ವಿದೇಶಿ ಎಂದು ಬರೆಸಿಕೊಂಡು ಬರುವ ಆ ದಿನದ ಮೇಲೆ ಯಾರೂ ಭಕ್ತಿಗೀತೆ ಕಟ್ಟಲಾರರು. ರ್‍ಯಾಪ್ ಕಟ್ಟಬಹುದು.

ಇನ್ನು ಮುಖದ ವಿಷಯ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವದಂತಿಗೆ ಹೆದರಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದು ನೆನಪಿರಬೇಕು. ಆ ಭಯಕ್ಕೆ ತುಪ್ಪ ಸುರಿದ ಘಟನೆಗಳಲ್ಲೊಂದು ಮೈಸೂರಿನಲ್ಲಿ ನಡೆದ ಚೂರಿ ಇರಿತ. ಇರಿತಕ್ಕೆ ಒಳಗಾದವನು ಈಶಾನ್ಯದವನೇ ಅಲ್ಲ, ಟಿಬೆಟಿಯನ್ ವಿದ್ಯಾರ್ಥಿ. ಪುರಿಯಲ್ಲಿ ಹುಟ್ಟಿ ಇದೇ ಬೆಂಗಳೂರಿಗೆ ಬಂದ ರ್‍ಯಾಪರ್ ಬಿಗ್ ಡೀಲ್ ತಂದೆಯ ಕಡೆಯಿಂದ ಒಡಿಯಾ, ತಾಯಿಯ ಕಡೆಯಿಂದ ಜಪಾನಿ. ಮುಖ ನೋಡಿ ನೀನು ಭಾರತೀಯನೇ ಎಂದು ಕೇಳುವವರಿಗೆ 2017ರಲ್ಲಿ ‘ಆರ್ ಯು ಇಂಡಿಯನ್’ ಎಂಬ ಹಾಡಿನಲ್ಲೇ ಉತ್ತರ ಕೊಟ್ಟ. ಆ ಉತ್ತರ ಇಂಗ್ಲಿಷಿನಲ್ಲಿತ್ತು. ಪಬ್ಬಿನವರೆಗೆ ಮುಟ್ಟಿತು, ಮೊದಲ ಮಹಡಿಯ ಮನೆಯನ್ನು ಬಾಡಿಗೆಗೆ ಕೊಡುವ ಮಾಲೀಕರವರೆಗೆ ಮುಟ್ಟಿದ್ದು ನನಗಂತೂ ಅನುಮಾನ.

ಟಿಬೆಟಿಯನ್ನರು ಶಾಂತ ಜನ, ಅವರಿಗೇಕೆ ಈ ಬಡಬಡಿಕೆ ಎನ್ನುವವರು ಒಮ್ಮೆ ಬೈಲಕುಪ್ಪೆಯ ಸೆರಾ ಮಠದ ಅಂಗಳಕ್ಕೆ ಹೋಗಿ ಬರಬೇಕು. ಗೋಲ್ಡನ್ ಟೆಂಪಲ್‌ನಲ್ಲಿ ಫೋಟೊ ತೆಗೆಸಿಕೊಂಡು ವಾಪಸಾಗುವ ನಮ್ಮ ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಿಮೆ. ಒಬ್ಬ ಸನ್ಯಾಸಿ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ಎದುರಿಗೆ ನಿಂತಿರುತ್ತಾನೆ. ನಿಂತವನು ತರ್ಕಶಾಸ್ತ್ರದ ಪ್ರಶ್ನೆಯೊಂದನ್ನು ಎತ್ತಿ, ಕಾಲು ಅಪ್ಪಳಿಸಿ, ಕೂತವನ ಮೂಗಿನ ಮುಂದೆ ಚಟೀರೆಂದು ಚಪ್ಪಾಳೆ ಹೊಡೆಯುತ್ತಾನೆ. ಕೂತವನು ತಡವರಿಸಿದರೆ ಸುತ್ತ ನಿಂತವರು ಗೇಲಿ ಮಾಡುತ್ತಾರೆ. ಅಂಗಳದ ತುಂಬ ಇಂಥ ಜೋಡಿಗಳು, ಕಿವಿಗಡಚಿಕ್ಕುವ ಸದ್ದು. ತಾಳ ಇದೆ, ಲಯ ಇದೆ, ಕೆಣಕು ಇದೆ, ಎದುರಾಳಿಯ ಮಾತನ್ನೇ ಹಿಡಿದು ಅವನನ್ನು ಕೆಡವುವ ಚಾಳಿ ಇದೆ. ರ್‍ಯಾಪ್ ಬ್ಯಾಟಲ್ ಎಂದು ಹುಡುಗರು ಕರೆಯುವುದರಲ್ಲಿ ಇದಕ್ಕಿಂತ ಹೆಚ್ಚೇನಿದೆ? ಮೈಕು, ಮತ್ತೆ ಒಂದಷ್ಟು ಬೈಗುಳ. ಅಂದರೆ ಈ ಹುಡುಗರು ಬ್ರಾಂಕ್ಸಿನಿಂದ ಕಲಿಯಬೇಕಾದದ್ದು ಕಡಿಮೆ. ತಾತಂದಿರು ಬೆಟ್ಟ ದಾಟಿ ಹೊತ್ತು ತಂದದ್ದರಲ್ಲೇ ಜಗಳದ ವಿದ್ಯೆ ಸೇರಿದೆ.

ನಮಗೂ ಅದು ಹೊಸದಲ್ಲ. ತಾಳಮದ್ದಳೆಯ ಅರ್ಥಧಾರಿಗಳು ರಾತ್ರಿಯಿಡೀ ಮಾಡುವುದೇನು? ಉತ್ತರ ಕರ್ನಾಟಕದ ಲಾವಣಿಕಾರರು ಹರದೇಶಿ–ನಾಗೇಶಿ ಎಂದು ಎರಡು ಪಕ್ಷ ಕಟ್ಟಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಡಪ್ಪಿನ ಗತ್ತಿಗೆ ಹಾಡಿನಲ್ಲೇ ಬೆಳಗಿನವರೆಗೆ ಕಾದಾಡುತ್ತಾರೆ. ಕನ್ನಡ ರ್‍ಯಾಪ್ ಈಗ ಮದುವೆ ಆರ್ಕೆಸ್ಟ್ರಾಕ್ಕೂ ಬಂದಿದೆ. ಹೆಚ್ಚಿನದು ಬಾಟಲಿ, ಹುಡುಗಿ, ಕಾರಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅದಕ್ಕೆ ಒಬ್ಬ ತಕ್ಕ ಎದುರಾಳಿ ಸಿಕ್ಕರೆ ಒಳ್ಳೆಯದೇ. ಆರ್‌ಸಿ ಆಫೀಸಿನ ಬೆಂಚು, ಅಡ್ವಾನ್ಸ್ ಹಣ, ಅಡುಗೆಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ ಎಂಬ ಕರಾರು, ಮೊಮೊ ಮಾರುವವನನ್ನು ಕಂಡು ‘ಏ ಚಿಂಕಿ’ ಎಂದು ಕೂಗುವ ಬೈಕು, ಇವೆಲ್ಲ ಪಿರಿಯಾಪಟ್ಟಣದ ಕನ್ನಡದಲ್ಲಿ ಬೀಟಿಗೆ ಕೂತು ಬರಲಿ.

ಲಾವಣಿಯಲ್ಲಿ ಒಂದು ನಿಯಮವಿದೆ. ಸವಾಲು ಬಿದ್ದ ಮೇಲೆ ಎದುರು ಪಕ್ಷದವರು ಎದ್ದು ಹೋಗುವಂತಿಲ್ಲ, ಹಾಡಿನಲ್ಲೇ ಜವಾಬು ಕೊಡಬೇಕು. ‘ಮೂಲ ಯಾವುದು’ ಎಂದು ಕೇಳಿದ್ದು ನಮ್ಮ ಕಡೆಯವರು. ಹುಡುಗರು ತಿರುಗಿ ಅದನ್ನೇ ಸವಾಲಾಗಿ ಹಾಕಿದ ದಿನ, ಸಿದ್ದಾಪುರದ ಮಾಲೀಕರ ಪರವಾಗಿ ಡಪ್ಪು ಹಿಡಿಯುವವರು ಯಾರು? ಬಾಡಿಗೆಗೆ ಬಂದು ಇಪ್ಪತ್ತು ವರ್ಷವಾದರೂ ಊರು ಯಾವುದೆಂದರೆ ಚನ್ನರಾಯಪಟ್ಟಣ ಎನ್ನುವವರೋ, ಮನೆಯೊಳಗೆ ತಮಿಳೋ ಉರ್ದುವೋ ಆಡುವ ಹಳಬರೋ?