ಬೂಷ್ಟು ಕೊಂದರೆ ಪಾಪ ಯಾರಿಗೆ?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ನಿಮ್ಮ ಕಾಸರಗೋಡಿಗೂ ನಮ್ಮ ಜತ್ತಕ್ಕೂ ದಾರಿ ದೂರವಾದರೂ ಕಡತದಲ್ಲಿ ನಾವು ನೆರೆಯವರೇ. 1967ರ ಮಹಾಜನ ಆಯೋಗದ ವರದಿಯಲ್ಲಿ ಕಾಸರಗೋಡೂ ಜತ್ತದ ಕೆಲವು ಹಳ್ಳಿಗಳೂ ಕರ್ನಾಟಕಕ್ಕೆ ಸೇರಬೇಕೆಂದು ಬರೆದಿತ್ತು. ವರದಿ ಕಪಾಟಿನಲ್ಲಿ ಉಳಿಯಿತು, ನೀವು ಕೇರಳದಲ್ಲಿ ಉಳಿದಿರಿ, ನಾವು ಮಹಾರಾಷ್ಟ್ರದಲ್ಲಿ. ಆ ಅಳಲನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ಬಹಳ ದಿನಗಳಿಂದ ತಲೆ ತಿನ್ನುತ್ತಿರುವ ಬೇರೊಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುವುದಿದೆ. ಅದನ್ನು ಕೇಳಿದವಳು ನನ್ನ ಅವ್ವ.

ನಮ್ಮದು ಮಳೆ ಕಡಿಮೆಯ ಸೀಮೆ. ಜೋಳ, ಸಜ್ಜೆ, ಕುರಿ, ಖಿಲಾರಿ ಎತ್ತು, ಇವೇ ನಮ್ಮ ಹಿರಿಯರ ಬದುಕು. ಈಚಿನ ದಶಕಗಳಲ್ಲಿ ಬಾವಿ, ಬೋರುಗಳ ಬಲದ ಮೇಲೆ ದಾಳಿಂಬೆ, ದ್ರಾಕ್ಷಿ ಬಂದವು. ನಾನೂ ಎರಡು ಎಕರೆ ದಾಳಿಂಬೆ ಹಚ್ಚಿದೆ. ದಾಳಿಂಬೆ ಎಂದರೆ ವರ್ಷವಿಡೀ ಎಣ್ಣೆ ಹೊಡೆಯುವುದು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ, ಸ್ವಲ್ಪ ಓದಿದವರು ಔಷಧ ಎನ್ನುತ್ತಾರೆ. ಅದನ್ನು ವಿಷವೆಂದು ಕರೆದವರನ್ನು ನಾನು ಕಂಡಿಲ್ಲ, ಯಾರಾದರೂ ಅದನ್ನು ಕುಡಿದು ಸತ್ತ ದಿನ ಮಾತ್ರ ಆ ಹೆಸರು ಬಾಯಿಗೆ ಬರುತ್ತದೆ.

ನಮ್ಮ ಹೊಲಕ್ಕೆ ಎಣ್ಣೆ ಹೊಡೆಯುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಬೆನ್ನಿಗೆ ಪಂಪು, ಮೂಗಿಗೆ ಟವೆಲ್ಲು, ಅಷ್ಟೇ ಅವನ ಕವಚ. ಒಂದು ಬೇಸಗೆಯ ಮಧ್ಯಾಹ್ನ ಗಾಳಿ ತಿರುಗಿತು. ಸಂಜೆಗೆ ವಾಂತಿ, ಜೊಲ್ಲು, ಕಣ್ಣು ಮಂಜು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಬದುಕಿದ. “ಎಣ್ಣಿ ಬಡೀತ್ರಿ ಗುರುಗಳ, ನಂದ ತಪ್ಪು” ಎಂದ. ಆಸ್ಪತ್ರೆಯ ಬಿಲ್ಲು ನಾನು ಕೊಟ್ಟೆ, ಲೆಕ್ಕ ಚುಕ್ತಾ ಆಯಿತೆಂದು ಬಗೆದೆ. ಆದರೆ ಅವನ ಬಲಗೈ ನಡುಕ ಇಂದಿಗೂ ನಿಂತಿಲ್ಲ. ಚಹದ ಕಪ್ಪು ಹಿಡಿದಾಗ ಬಸಿಯ ಮೇಲೆ ಆಗುವ ಆ ಸಪ್ಪಳವನ್ನು ನಾನು ಕೇಳದಂತೆ ಕೂಡುವುದನ್ನು ಕಲಿತಿದ್ದೇನೆ.

ಆ ಮೇಲೆಯೇ ನಾನು ಬೂಷ್ಟಿನ ಕಡೆ ಹೊರಳಿದ್ದು. ಕೀಟಗಳನ್ನು ಕೊಲ್ಲುವ ಶಿಲೀಂಧ್ರಗಳ ಪುಡಿ ಈಗ ಪೇಟೆಯಲ್ಲಿ ಸಿಗುತ್ತದೆ: ಹಿಟ್ಟುತಿಗಣೆಗೆ ವರ್ಟಿಸಿಲಿಯಂ, ಬೇರೆ ಹುಳಗಳಿಗೆ ಬ್ಯೂವೇರಿಯಾ, ಮಣ್ಣೊಳಗಿನ ಹುಳಗಳಿಗೆ ಮೆಟಾರೈಜಿಯಂ. ಇವುಗಳ ಕೆಲಸದ ರೀತಿ ವಿಚಿತ್ರ. ಹುಳ ಅದನ್ನು ತಿನ್ನಬೇಕಾಗಿಲ್ಲ. ಕಣ್ಣಿಗೆ ಕಾಣದ ಬೀಜಾಣು ಮೈಗೆ ಅಂಟಿಕೊಂಡರೆ ಸಾಕು. ತೇವ ಸಿಕ್ಕೊಡನೆ ಮೊಳೆಯುತ್ತದೆ, ಹೊರಚರ್ಮವನ್ನು ಕರಗಿಸಿಕೊಂಡು ಒಳಗಿಳಿಯುತ್ತದೆ, ರಕ್ತದಲ್ಲಿ ಬೆಳೆಯುತ್ತದೆ. ಹುಳ ನಾಲ್ಕಾರು ದಿನ ತಿರುಗಾಡಿಕೊಂಡೇ ಇರುತ್ತದೆ. ಆಮೇಲೆ ಸಾಯುತ್ತದೆ. ಹವೆ ತೇವವಾಗಿದ್ದರೆ ಹೆಣದ ಮೇಲೆ ಬೂಷ್ಟು ಹೊರಬರುತ್ತದೆ, ಬ್ಯೂವೇರಿಯಾ ಆದರೆ ಸುಣ್ಣ ಬಳಿದಂತೆ ಬಿಳಿ, ಮೆಟಾರೈಜಿಯಂ ಆದರೆ ಹಸಿರು. ಆ ಹೆಣದಿಂದಲೇ ಮತ್ತೆ ಬೀಜಾಣು ಹಾರುತ್ತವೆ. ನಿಮ್ಮ ಊರಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಇದೇ ಹಸಿರು ಬೂಷ್ಟನ್ನು ಗೊಬ್ಬರದ ಗುಂಡಿಯಲ್ಲಿ ಬೆರೆಸಲು ಹೇಳುತ್ತಾರೆ. ಆದ್ದರಿಂದ ನಿಮ್ಮಲ್ಲಿ ಕೆಲವರಿಗಾದರೂ ಇದು ಹೊಸದಲ್ಲ.

ನಾನೇ ಪಂಪು ಹೊತ್ತು ಸಂಜೆ ತಂಪಿನಲ್ಲಿ ಹೊಡೆಯತೊಡಗಿದೆ. ಯಾರಿಗೂ ವಾಂತಿಯಾಗಲಿಲ್ಲ. ಇರುವೆಗೆ ಸಕ್ಕರೆ ಹಾಕಿಯೇ ಚಹ ಕುಡಿಯುವ ಅವ್ವನಿಗೆ ಸಂತೋಷವಾದೀತೆಂದು, “ಇನ್ನ ನಾವು ಕೊಲ್ಲೂದಿಲ್ಲವಾ, ಬೂಷ್ಟು ಕೊಲ್ಲತೈತಿ” ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಹಂಗಾದರ ಪಾಪ ಯಾರಿಗಪ್ಪಾ? ಬೂಷ್ಟಿಗೇನು?” ಎಂದು ಕೇಳಿದಳು. ನಾನು ನಕ್ಕೆ. ಉತ್ತರ ಇದ್ದಿದ್ದರೆ ನಗುತ್ತಿರಲಿಲ್ಲ.

ಅದೇ ವರ್ಷ ನಮ್ಮ ಎತ್ತೊಂದು ಜ್ವರ ಬಂದು ಸೊರಗಿತು. ದನದ ಡಾಕ್ಟರು ರಕ್ತ ನೋಡಿ ‘ಸರ್ರಾ’ ಎಂದರು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರೋಗ, ರಕ್ತದಲ್ಲಿ ಬಾಲವಾಡಿಸುವ ಸೂಕ್ಷ್ಮಜೀವಿ ಅದರ ಮೂಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಅದನ್ನು ಗುರುತಿಸಿದ್ದು ಅಂದಿನ ಹಿಂದುಸ್ತಾನದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ಆಫ್ರಿಕದಲ್ಲಿ ಇದರ ದಾಯಾದಿ ರೋಗವೊಂದಿದೆ. ದನಗಳಿಗೆ ಬಂದರೆ ನಗಾನ, ಮನುಷ್ಯರಿಗೆ ಬಂದರೆ ನಿದ್ರಾರೋಗ. ಅದನ್ನು ಹರಡುವುದು ತ್ಸೆತ್ಸೆ ಎಂಬ ನೊಣ. ಎತ್ತು ಚುಚ್ಚುಮದ್ದಿಗೆ ಬಗ್ಗಿ ಎದ್ದುನಿಂತಿತು, ನಾನು ಮಾತ್ರ ತ್ಸೆತ್ಸೆಯ ಬೆನ್ನು ಬಿದ್ದು ಸಿಕ್ಕಿದ್ದನ್ನೆಲ್ಲ ಓದಿದೆ.

ಓದಿದಂತೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ತ್ಸೆತ್ಸೆ ನಮ್ಮ ಮನೆನೊಣದ ಹಾಗೆ ನೂರಾರು ಮೊಟ್ಟೆ ಇಡುವುದಿಲ್ಲ. ಹೆಣ್ಣು ಒಂದೇ ಒಂದು ಮರಿಯನ್ನು ಗರ್ಭದಲ್ಲಿ ಹೊತ್ತು, ಒಳಗೇ ಒಂದು ಬಗೆಯ ಹಾಲೂಡಿಸಿ, ಒಂಬತ್ತು ಹತ್ತು ದಿನಕ್ಕೊಮ್ಮೆ ಹಡೆಯುತ್ತದೆ. ಬಾಳಿನುದ್ದಕ್ಕೂ ಕೆಲವೇ ಮರಿಗಳು. ಹೀಗಿರುವುದರಿಂದಲೇ ನಿಧಾನವಾಗಿ ಕೊಲ್ಲುವ ಬೂಷ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ: ಕೆಲವು ತಾಯಂದಿರು ಬೇಗ ಸತ್ತರೂ ಸಂತತಿ ಇಳಿಯುತ್ತದೆ. ಇನ್ನೊಂದು ಕಾರಣ, ಅದು ರಕ್ತವನ್ನಷ್ಟೇ ಹೀರುವ ನೊಣ, ಎಲೆಗೆ ವಿಷ ಬಳಿದರೆ ತಿನ್ನುವುದಿಲ್ಲ. ಮೈಗೆ ಅಂಟುವ ಬೀಜಾಣುವಿಗೆ ಬಾಯಿಯ ಹಂಗಿಲ್ಲ.

1970ರಲ್ಲಿ ಥಾಮಸ್ ಒಧಿಯಾಂಬೊ ಕಟ್ಟಿದ, ನೈರೋಬಿಯ ‘ಐಸಿಪೆ’ ಎಂಬ ಕೀಟ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೊಂದು ಉಪಾಯ ಮಾಡಿದರು. ತ್ಸೆತ್ಸೆಗೆ ನೀಲಿ, ಕಪ್ಪು ಬಟ್ಟೆಯ ಆಸೆ. ಅಂಥ ಬಟ್ಟೆಯ ಬಲೆಗೆ ಮೆಟಾರೈಜಿಯಂ ಪುಡಿಯಿರುವ ಒಂದು ಡಬ್ಬಿ ಜೋಡಿಸುತ್ತಾರೆ. ಒಳಗೆ ಬಂದ ನೊಣವನ್ನು ಹಿಡಿದಿಡುವುದಿಲ್ಲ. ಪುಡಿ ಮೆತ್ತಿಕೊಂಡು ಹಾರಿಹೋಗಲು ಬಿಡುತ್ತಾರೆ. ಅದು ಹೋಗಿ ಸಂಗಾತಿಯನ್ನು ಕೂಡಿದಾಗ ಸಾವು ಆ ಸಂಗಾತಿಗೂ ದಾಟುತ್ತದೆ.

ಇದನ್ನು ಓದಿ ನನಗೆ ಮೆಚ್ಚುಗೆಯೂ ಅಸಹ್ಯವೂ ಒಟ್ಟಿಗೇ ಆಯಿತು. ಆದರೆ ಅಸಹ್ಯಪಡುವ ಹಕ್ಕು ಯಾರಿಗಿದೆ? ದನ ಸತ್ತರೆ ಉಳುಮೆ, ಹಾಲು ಎರಡೂ ಹೋಗುವ ಮನೆಯವನಿಗೆ ಈ ಸೂಕ್ಷ್ಮ ಸಾಲದು. ಮೇಲಾಗಿ ಹಿಂದೆ ಮಾಡಿದ್ದೇನೆಂದು ನೋಡಬೇಕು. ತ್ಸೆತ್ಸೆಗೆ ರಕ್ತ ಸಿಗಬಾರದೆಂದು ದಕ್ಷಿಣ ರೊಡೇಷಿಯದಲ್ಲಿ ಲಕ್ಷಗಟ್ಟಲೆ ಕಾಡುಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಪೊದೆ ಕಾಡುಗಳನ್ನು ಕಡಿದರು. ಡಿಡಿಟಿ ಬಳಿದರು. ಆಮೇಲೆ ವಿಮಾನದಿಂದ ಸಿಂಪಡಿಸಿದರು. ಬೋಟ್ಸ್ವಾನಾದ ಒಕಾವಾಂಗೊ ಜೌಗಿನ ಮೇಲೆ 1970ರ ದಶಕದಿಂದ ವರ್ಷಗಟ್ಟಲೆ ಹಾಗೆ ಸಿಂಪಡಿಸಿದ ವಿಷದ ಹೆಸರು ನಿಮಗೆ ಹೇಳಬೇಕಾಗಿಲ್ಲ. ಎಂಡೋಸಲ್ಫಾನ್.

ಆ ಹೆಸರು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಗೇರು ತೋಟದ ಸೊಳ್ಳೆತಿಗಣೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಅದೇ ವಿಷ ಹೆಲಿಕಾಪ್ಟರಿನಿಂದ ಎಣ್ಮಕಜೆಯ, ಪಡ್ರೆಯ, ಇನ್ನೂ ಎಷ್ಟೋ ಊರುಗಳ ತೋಡು, ಸುರಂಗ, ಬಾವಿಗಳಿಗೆ ಇಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಉಳಿದುದನ್ನು ನಿಮ್ಮ ಮನೆಗಳಲ್ಲಿ ನೀವು ಕಂಡಿದ್ದೀರಿ, ನಾನು ಹೇಳುವುದು ಸಲ್ಲದು.

ನನಗೊಬ್ಬ ಜೈನ ಗೆಳೆಯನಿದ್ದಾನೆ, ದ್ರಾಕ್ಷಿ ತೋಟದವನು. ಅವ್ವನ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಅವರಲ್ಲಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಮನೆವಾರ್ತೆಯಲ್ಲಿ ಆಗುವುದು ಆರಂಭೀ, ಕಸುಬಿನಲ್ಲಿ ಆಗುವುದು ಉದ್ಯೋಗೀ, ತನ್ನನ್ನು ಕಾಪಾಡಿಕೊಳ್ಳಲು ಮಾಡುವುದು ವಿರೋಧೀ, ಬೇಕೆಂದೇ ಮಾಡುವುದು ಸಂಕಲ್ಪೀ. ಗೃಹಸ್ಥನು ಮೊದಲ ಮೂರನ್ನು ಆದಷ್ಟು ಕಡಿಮೆ ಮಾಡಬೇಕು, ಕೊನೆಯದನ್ನು ಬಿಟ್ಟೇಬಿಡಬೇಕು. “ಹೊಲಾ ಉಳುವಾಗ ಹುಳಾ ಸಾಯ್ತಾವು, ಅದು ಉದ್ಯೋಗೀ. ನೀವು ಕೊಲ್ಲೂ ಜೀವಾನ ಬೆಳಸಿ, ಪಾಕೀಟು ಕಟ್ಟಿ, ಸಾಯಲಿ ಅಂತ ಬಿಡತೀರಿ. ಇದು ಯಾವುದರಾಗ ಬರತೈತಿ ಮಾಸ್ತರ?” ಎಂದ. ಅವನೂ ಎಣ್ಣೆ ಹೊಡೆಯುವವನೇ. ಆ ಮಾತು ತುದಿನಾಲಿಗೆಗೆ ಬಂದರೂ ನುಂಗಿದೆ, ಪ್ರಶ್ನೆ ಸರಿಯಾಗಿಯೇ ಇತ್ತು.

ನನಗೆ ನೆನಪಾದದ್ದು ಯಶೋಧರ. ಜನ್ನ 1209ರಲ್ಲಿ ಬರೆದು ಮುಗಿಸಿದ ಆ ಕಾವ್ಯದಲ್ಲಿ ಅರಸ ನಿಜವಾದ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ಸತ್ತದ್ದು ಹಿಟ್ಟು. ಆದರೂ ಅವನೂ ಅವನ ತಾಯಿಯೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ, ಮನಸ್ಸು ಕೊಂದಿತ್ತು ಎಂಬ ಕಾರಣಕ್ಕೆ. ನಾನು ಅದರ ತಿರುವುಮುರುವು ಮಾಡಿದ್ದೆ. ಸಾಯುವುದು ನಿಜವಾದ ಹುಳ, ಹಿಟ್ಟಿನದಾಗಿದ್ದದ್ದು ನನ್ನ ಕೈ.

ಇಷ್ಟಕ್ಕೇ ನಿಂತಿದ್ದರೆ ಇದು ಕಟ್ಟೆಯ ಮೇಲಿನ ಜಿಜ್ಞಾಸೆಯಾಗಿ ಉಳಿಯುತ್ತಿತ್ತು. ನನ್ನ ತಂಗಿಯನ್ನು ಕೊಟ್ಟದ್ದು ಗಡಿಯಾಚೆ ಅಥಣಿಯ ಕಡೆ. ಅವಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಒಮ್ಮೆ ಬೆಳಿಗ್ಗೆ ತೋಟಕ್ಕೆ ಬ್ಯೂವೇರಿಯಾ ಹೊಡೆದು, ಅದೇ ಅಂಗಿಯಲ್ಲಿ ಬಸ್ಸು ಹತ್ತಿ ಹೋಗಿ, ಹುಳದ ಮನೆಯಲ್ಲಿ ಅಡ್ಡಾಡಿ, ಸೊಪ್ಪು ಹಾಕುವುದಕ್ಕೂ ಕೈಗೂಡಿಸಿ ಬಂದೆ. ವಾರ ಕಳೆದ ಮೇಲೆ ಫೋನು ಬಂತು. “ಅಣ್ಣಾ, ಹುಳ ಎಲ್ಲಾ ಬೆಳ್ಳಗ ಕಲ್ಲಾಗ್ಯಾವೊ” ಎಂದು ಅತ್ತಳು. ಹುಳ ನಾಲ್ಕನೆಯ ಜ್ವರ ಕಳೆದು ಎದ್ದಿತ್ತು, ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟುವುದಿತ್ತು.

ಸುಣ್ಣಕಟ್ಟು ರೋಗ. ಇಟಲಿಯಲ್ಲಿಯೂ ಇದಕ್ಕೆ ಸುಣ್ಣದ ಹೆಸರೇ, ಕಲ್ಚಿನೊ. 1835ರಲ್ಲಿ ಲೋದಿಯ ಅಗಸ್ಟಿನೊ ಬಾಸ್ಸಿ ಅದು ಒಂದು ಬೂಷ್ಟಿನಿಂದ ಬರುವ ಅಂಟುರೋಗವೆಂದು ತೋರಿಸಿದ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಪ್ರಯೋಗದಿಂದ ಸಿದ್ಧವಾದದ್ದು ಅಲ್ಲಿಯೇ, ಪಾಶ್ಚರನಿಗಿಂತ ಮೊದಲು. ಆ ಬೂಷ್ಟಿಗೆ ಅವನ ಹೆಸರನ್ನೇ ಇಟ್ಟರು: ಬ್ಯೂವೇರಿಯಾ ಬಾಸ್ಸಿಯಾನಾ. ನನ್ನ ಪಾಕೀಟಿನ ಮೇಲಿದ್ದ ಹೆಸರು. ರೇಷ್ಮೆ ಸಾಕುವಲ್ಲಿ ಬಳಸಬಾರದೆಂದು ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಲವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದವನು ಅದನ್ನು ಓದಿರಲಿಲ್ಲ.

ನನ್ನ ಅಂಗಿಯಿಂದಲೇ ಹೋಯಿತೇ? ಮಳೆಗಾಲದ ತೇವದಲ್ಲಿ ಈ ರೋಗ ತಾನಾಗಿಯೂ ಬರುತ್ತದೆ. ತಂಗಿ ಅದನ್ನೇ ಹೇಳಿ ನನ್ನನ್ನು ಬಿಟ್ಟುಬಿಟ್ಟಳು. ನಾನು ಬಿಟ್ಟುಕೊಳ್ಳಲಾರೆ. ವಿಷ ಹೊಡೆಯುವ ದಿನಗಳಲ್ಲಿ ಕೈ ತೊಳೆಯುತ್ತಿದ್ದೆ, ಏಕೆಂದರೆ ಅದು ವಿಷವೆಂದು ಗೊತ್ತಿತ್ತು. ಪಾಪವಿಲ್ಲದ ಪುಡಿ ಎಂದುಕೊಂಡದ್ದರಿಂದಲೇ ತೊಳೆಯದೆ ಹೋದೆ.

ಈಗಲೂ ನಾನು ಬೂಷ್ಟನ್ನೇ ಬಳಸುತ್ತೇನೆ, ಎಣ್ಣೆಗೆ ಮರಳಿಲ್ಲ. ಆದರೆ ಅವ್ವನಿಗೆ ಹೇಳಿದ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಕೊಲ್ಲುವವನು ನಾನೇ. ಬೂಷ್ಟು ಕೊಡಲಿಯಂಥದು, ತಾನೂ ಬದುಕುವ ಕೊಡಲಿ ಎಂಬುದಷ್ಟೇ ವ್ಯತ್ಯಾಸ. ಹುಳ ಸಾಯುವುದಂತೂ ಎರಡರಲ್ಲಿಯೂ ಇದೆ. ನನಗೆ ಈಗ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು: ನನ್ನ ಬೆಳೆಗಾಗಿ ನಾನು ಮಾಡುವ ಹಿಂಸೆಯ ಪಾಲು ಯಾರ ಮೈಮೇಲೆ ಬೀಳುತ್ತದೆ, ಅವರನ್ನು ನಾನು ಕೇಳಿದ್ದೆನೆ? ನನ್ನ ವಿದ್ಯಾರ್ಥಿಯನ್ನು ನಾನು ಕೇಳಲಿಲ್ಲ, ಕೂಲಿ ಕೊಟ್ಟೆ. ತಂಗಿಯನ್ನು ಕೇಳುವುದು ಹೊಳೆಯಲೇ ಇಲ್ಲ. ಎಣ್ಮಕಜೆಯಲ್ಲಿ ಹೆಲಿಕಾಪ್ಟರು ಹಾರುವ ಮೊದಲು ಬಾವಿ ಮುಚ್ಚಿಕೊಳ್ಳಿರೆಂದು ಜನಕ್ಕೆ ಹೇಳುತ್ತಿದ್ದರಂತೆ. ತಿಳಿಸುವುದು ಬೇರೆ, ಕೇಳುವುದು ಬೇರೆ. ನಮ್ಮನ್ನು ಕೇಳದೆ ನಮ್ಮ ಊರುಗಳ ಲೆಕ್ಕ ಮಾಡಿದವರನ್ನು ನೀವೂ ನಾವೂ ಕಂಡಿದ್ದೇವೆ. ಆ ಬುದ್ಧಿ ನನ್ನ ಎರಡು ಎಕರೆಯಲ್ಲಿಯೂ ಇತ್ತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ನೊಣವನ್ನೂ ಹುಳವನ್ನೂ ಕೇಳಲಾಗುವುದಿಲ್ಲವಲ್ಲ ಎಂದು ನನ್ನ ಜೈನ ಗೆಳೆಯ ಕೆಣಕುತ್ತಾನೆ. ಅವನಿಗೆ ನನ್ನಲ್ಲಿ ಉತ್ತರವಿಲ್ಲ.

ತಂಗಿ ಹುಳದ ಮನೆಗೆ ಸುಣ್ಣ ಬಳಿಸಿ, ತಟ್ಟೆಗಳನ್ನು ಬಿಸಿಲಿಗೆ ಹಾಕಿ ಮತ್ತೆ ಮೊಟ್ಟೆ ತಂದಿದ್ದಾಳೆ. ಈಗ ಅವಳೂರಿಗೆ ಹೋಗುವಾಗ ಹೊಲದ ಬಟ್ಟೆ ಹೊರಗೇ ಕಳಚಿ, ತಲೆಯ ಮೇಲೆ ನೀರು ಹಾಕಿಕೊಂಡು, ಬೇರೆ ಅಂಗಿ ತೊಟ್ಟು ಹೊರಡುತ್ತೇನೆ. ಮೊದಲ ಸಲ ಅದನ್ನು ಕಂಡು ಅವ್ವ, “ಯಾರು ಹೋದರೊ?” ಎಂದು ಗಾಬರಿಯಾಗಿ ಕೇಳಿದಳು. ತಂಗಿಯ ಮನೆಯ ಹೊಸ್ತಿಲಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ನೀರಿನ ತಂಬಿಗೆ ಕೊಡುತ್ತ ಅವಳು ಮೊದಲು ಕೇಳುವುದು, “ಅಣ್ಣಾ, ಹೊಡದು ಎಷ್ಟು ದಿನಾ ಆತು?”